ಟೈಮ್‌ಶೀಟಿನಲ್ಲಿ ಜ್ವರ

ದುಕ್ಮ್ ಬಂದರಿನ ಸೈಟಿನಲ್ಲಿ, ಮೂತ್ರಿಗಳ ಮೇಲಿನ ಗೋಡೆಗೆ
ಕಂಪನಿಯವರು ಬಣ್ಣದ ಪಟ್ಟಿಯೊಂದು ಅಂಟಿಸಿದ್ದಾರೆ:
ತಿಳಿನೀರು, ನಿಂಬೆ ಶರಬತ್ತು, ಜೇನು, ಡಿಕಾಕ್ಷನ್,
ಹೀಗೆ ಎಂಟು ಚೌಕ. ಅರಬ್ಬಿ, ಹಿಂದಿ, ಬಂಗಾಳಿ ಅಕ್ಷರ.
ಕನ್ನಡವಿಲ್ಲ. ಬಣ್ಣಕ್ಕೆ ಯಾಕೆ ಕನ್ನಡ ಅಂದುಕೊಂಡಿದ್ದೆ
ಟೈಮ್‌ಕೀಪರನಾಗಿ ಬಂದ ಹೊಸತರಲ್ಲಿ.

ಸಾಬಣ್ಣನದು ಆರನೆಯ ಚೌಕ. ವರ್ಷಗಟ್ಟಲೆ ಆರನೆಯದೇ.
ಟವರ್ ಕ್ರೇನಿನವನು. ಇಳಿಯಲು ಹದಿನೈದು ನಿಮಿಷ, ಹತ್ತಲು ಇಪ್ಪತ್ತು.
ಕಬ್ಬಿಣದ ಕಂತೆ ಗಾಳಿಯಲ್ಲಿ ತೂಗುತ್ತಿರುವಾಗ
ಒಂದಕ್ಕೆಂದು ಇಳಿದವನನ್ನು ಫೋರ್‌ಮನ್ ಕ್ಷಮಿಸುವುದಿಲ್ಲ.
ಅದಕ್ಕೇ ನೀರು ಕುಡಿಯುತ್ತಿರಲಿಲ್ಲ. ಕುಡಿದ ದಿನ
ಮಿರಿಂಡಾ ಬಾಟಲಿ ಜೊತೆಗಿರುತ್ತಿತ್ತು, ಅಷ್ಟೆ.
ಹೋದ ವರ್ಷ ಕಲ್ಲು ಬಿತ್ತು. ಸಾಸಿವೆಯಷ್ಟು.
ರಾತ್ರಿಯೆಲ್ಲ ಮಂಚದ ಕಬ್ಬಿಣ ಕಚ್ಚಿದವನು
ಬೆಳಿಗ್ಗೆ ಅದನ್ನು ಕಾಗದದಲ್ಲಿ ಸುತ್ತಿ ಎಲ್ಲರಿಗೂ ತೋರಿಸಿದ,
ಉಂಗುರಕ್ಕೆ ಕೂರಿಸುವ ಹರಳಿನ ಹಾಗೆ.

ಇದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಮೊದಲು ತೊಗರಿಕಾಳಿನಷ್ಟಿತ್ತಂತೆ. ರಂಜಾನಿನ ಹೊತ್ತಿಗೆ
ಹುಣಿಸೆಬೀಜ. ಈಗ ಇಷ್ಟು, ಎಂದು ಹೆಬ್ಬೆರಳ ತುದಿ ಹಿಡಿದ.
"ನೋಯಂಗಿಲ್ಲ ನೋಡು. ನೋವಾಗಿದ್ರ ಅವತ್ತೇ ಹೇಳ್ತಿದ್ನಲ್ಲ."

ಕ್ಲಿನಿಕ್ಕಿನ ಡಾಕ್ಟರು ಈಜಿಪ್ಟಿನವರು, ನರ್ಸು ತಿರುವಲ್ಲದವಳು.
ನಡುವೆ ನಾನು, ಬೈಂದೂರಿನ ಖಾರ್ವಿ,
ಮೀನು ಬಿಟ್ಟು ಮಾತು ಹೊರುವವನು.
ಯಾವ ಕಡೆಯದು, ಎಂದಿನಿಂದ, ಕೇಳಿದರು ಇಂಗ್ಲಿಷಿನಲ್ಲಿ.
ಬಾಯಿ ತೆರೆದೆ. ಶಬ್ದವಿಲ್ಲ.
ನನಗೆ ಗೊತ್ತಿದ್ದವು ಮೂರು:
ಜಗಳದಲ್ಲಿ ಬೈಯುವುದು ಒಂದು,
ಮಗುವನ್ನು ಮೀಯಿಸುವಾಗ ಅಜ್ಜಿ ಅನ್ನುತ್ತಿದ್ದುದು ಇನ್ನೊಂದು,
ಮತ್ತೆ ವೃಷಣ. ಅದು ವಿಜ್ಞಾನದ ಮೇಷ್ಟ್ರು
"ಮನೆಯಲ್ಲಿ ಓದಿಕೊಳ್ಳಿ" ಎಂದು ಬೇಗ ಮಗುಚಿದ ಪುಟದ್ದು.
ಮನೆಯಲ್ಲಿ ಯಾರು ಓದುತ್ತಾರೆ.
"ಎಡದ್ದಾ, ಬಲದ್ದಾ?" ಎಂದೆ, ನಾಮಪದ ನುಂಗಿ.
"ಎಡದ್ದು. ತರಡು ಅನ್ನೋ ಮಾರಾಯ,
ನಮ್ಮೂರಾಗ ಹೋರಿಗೂ ಅದನ್ನ ಅಂತಾರ."

ಪರದೆಯಾಚೆ ಡಾಕ್ಟರು ದೀಪ ಆರಿಸಿ ಪುಟ್ಟ ಟಾರ್ಚು ಹಚ್ಚಿದರು.
ಒಳಗೆ ಬರೀ ನೀರಿದ್ದರೆ ಕೆಂಪಗೆ ಬೆಳಗುತ್ತದಂತೆ,
ಗಟ್ಟಿಯಿದ್ದರೆ ಬೆಳಕು ಅಲ್ಲೇ ನಿಲ್ಲುತ್ತದಂತೆ,
ನರ್ಸು ಪಿಸುಗುಟ್ಟಿದಳು.
ನಾನು ಪರದೆಯನ್ನೇ ನೋಡುತ್ತಿದ್ದೆ. ಕೆಂಪು ಕಾಣಲಿಲ್ಲ.
ಪರದೆ ದಪ್ಪಗಿತ್ತು. ಹಾಗೆಂದುಕೊಂಡೆ.

ಮಸ್ಕತ್ತಿಗೆ ಚೀಟಿ ಬರೆದರು. ಸ್ಕ್ಯಾನು, ಗುರುವಾರ.
ಏನೇ ಇರಲಿ, ಬೇಗ ಬಂದರೆ ವಾಸಿಯಾಗುವಂಥದ್ದು,
ಒಂದನ್ನು ತೆಗೆದರೂ ಇನ್ನೊಂದು ಸಾಕು,
ಡಾಕ್ಟರು ಎರಡು ಸಲ ಹೇಳಿದರು, ನಾನು ಮೂರು ಸಲ ದಾಟಿಸಿದೆ.
"ನಾ ಬೇಗ ಬಂದೀನೇನು?" ಅಂದ.
ಅದನ್ನು ಮಾತ್ರ ನಾನು ಆ ಕಡೆಗೆ ದಾಟಿಸಲಿಲ್ಲ.

ವಾಪಸು ಬಸ್ಸಿನಲ್ಲಿ, ಕಿಟಕಿಗೆ ಹಣೆ ಒತ್ತಿ,
"ಶೀಟಿನಾಗ ಏನಂತ ಬರೀತಿ?"
"ಜ್ವರ."
"ಜ್ವರ ಚಲೋ."
ಜ್ವರ ಬಂತೆಂದು ಯಾರನ್ನೂ ಊರಿಗೆ ಕಳಿಸುವುದಿಲ್ಲ.

ಆ ರಾತ್ರಿ ಕೋಣೆಯಲ್ಲಿ ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಆದರೂ ಬಾತ್‌ರೂಮಿಗೆ ಹೋದ ಶಫೀಕ ಎಷ್ಟು ಹೊತ್ತಾದರೂ ಬರಲಿಲ್ಲ.
ಬಾಗಿಲಿನಡಿ ಮೊಬೈಲ್ ಟಾರ್ಚಿನ ಬಿಳಿ ಗೆರೆ.
ಆಮೇಲೆ ಜಾರ್ಖಂಡಿನ ಮುರ್ಮು. ಅದೇ ಗೆರೆ.
ಆಮೇಲೆ ನಾನು.
ಬಂಗುಡೆಯ ಹೊಟ್ಟೆ ಒತ್ತಿ ತಾಜಾ ಹೌದೋ ಅಲ್ಲವೋ
ಕತ್ತಲಲ್ಲೇ ಹೇಳುವ ಬೆರಳುಗಳಿವು;
ನಲವತ್ತೊಂದು ವರ್ಷ ನನ್ನನ್ನೇ ಒಮ್ಮೆ ಒತ್ತಿ ನೋಡಿರಲಿಲ್ಲ.
ಎಡ. ಬಲ. ಮತ್ತೆ ಎಡ.
ಹೀಗೇ ಇರಬೇಕಾ ಇದು? ಯಾರನ್ನು ಕೇಳುವುದು?

ಬಾಗಿಲು ದಬದಬ ಬಡಿಯಿತು.
"ಸಾಕು ಬಾರೋ ಖಾರ್ವಿ, ಹಡಗೇನು ಹುಡುಕಾಕತ್ತಿ ಅಲ್ಲಿ?
ಉಚ್ಚಿ ಬಂದೈತಿ ನನಗ.
ಇವತ್ತು ನೀರು ಭಾಳ ಕುಡಿದೀನಿ."