ಜ್ವರಕ್ಕೆ ಕೂತ ಹೊತ್ತು

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿ.
ಹರಾಜು ಮುಗಿದಿದೆ. ಬೆಂದ ಗೂಡಿನ ವಾಸನೆ ಮುಗಿದಿಲ್ಲ.
ಖಲಂದರ್ ಸಾಬರು ಸಿಪಿಯು ಅನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ
ಮಗುವಿನಂತೆ ಎತ್ತಿಕೊಂಡು ಬಂದಿದ್ದಾರೆ.
"ಹೊಸ ಡಿಸ್ಕು ಹಾಕಿಸಿದೆ ಸುಗುಣಮ್ಮ, ಇದು ಗುರುತೇ ಹಿಡೀತಿಲ್ಲ."

ಅದರ ತಪ್ಪಲ್ಲ. ಅದು ಹುಟ್ಟಿದಾಗ
ಇಂಥ ಡಿಸ್ಕು ಹುಟ್ಟಿರಲಿಲ್ಲ.
ತಿರುಪು ಬಿಚ್ಚಿ, ರೇಷ್ಮೆ ಎಳೆ ಸುತ್ತಿಕೊಂಡ ಫ್ಯಾನು ಬಿಡಿಸಿ,
ಟಾರ್ಚು ಬಿಟ್ಟು ಬೋರ್ಡಿನ ಇರುವೆ ಅಕ್ಷರ ಓದುತ್ತೇನೆ.
ಕೊನೆಗೊಂದು ಎರಡು ಇದೆ.
ಒಂದು ಇರುವ ಬೋರ್ಡಿನ ಫೈಲು ಇದಕ್ಕೆ ಹಾಕಿದರೆ
ಕಲ್ಲು.
"ಎಲ್ಲಾ ಒಂದೇ ಕಂಪನಿಯದಲ್ವಾ?"
"ಸಿಬಿ ಗೂಡೂ ಗೂಡೇ, ಬೈವೋಲ್ಟಿನ್ ಗೂಡೂ ಗೂಡೇ.
ಒಂದೇ ಬಾಣಲೆಗೆ ಹಾಕ್ತೀರಾ ಸಾಬ್?"
ಅವರು ಕುರ್ಚಿ ಎಳೆದು ಕೂತರು.

ಲೆಕ್ಕದ ಪುಸ್ತಕವೆಲ್ಲ ಬೇರೆ ಕಡೆ ನಕಲು.
ಹಳೇ ಸೆಟ್ಟಿಂಗಿನ ಪುಟಪುಟಕ್ಕೂ ಫೋನಿನಲ್ಲಿ ಫೋಟೋ.
ಪೆನ್‌ಡ್ರೈವು ತೊಳೆದ ತಟ್ಟೆ, ಒಳಗೆ ಒಂದೇ ಫೈಲು.
ಯುಪಿಎಸ್ ಹದಿನೈದು ನಿಮಿಷ ತಡೆದೀತು;
ಆದರೂ ಲೈನ್‌ಮನ್ ಪಿಳ್ಳಪ್ಪನಿಗೆ ಫೋನು:
"ಅಣ್ಣಾ, ಮಾರ್ಕೆಟ್ ಕಡೆ ಕರೆಂಟು ತೆಗೆಯೋದಿದೆಯಾ?"
"ಎರಡು ಗಂಟೆಗೆ. ಯಾಕೆ, ಮೋಟರಾ?"
"ಅಲ್ಲ, ಜ್ವರ."
ಅವನು ಇನ್ನೇನೂ ಕೇಳಲಿಲ್ಲ. ಅವನ ಮನೆಯಲ್ಲೂ ಹುಳ ಇದೆ.

ಎಂಟರ್ ಒತ್ತಿದೆ.

ಹಳೆಯದನ್ನು ಅಳಿಸುತ್ತಿದ್ದೇನೆ ಎಂದಿತು ಪರದೆ.
ಹೊಸದು ಇನ್ನೂ ಬರೆದಿಲ್ಲ.
ಈಗ ತಾನು ಯಾರೆಂದು, ಕೀಲಿಮಣೆ ಎಲ್ಲಿದೆಯೆಂದು,
ಬೆಳಿಗ್ಗೆ ಏಳುವುದು ಹೇಗೆಂದು
ಅದಕ್ಕೇ ಗೊತ್ತಿಲ್ಲ.

ಮಳ್ಳೂರಿನ ಚಿಕ್ಕಮ್ಮನ ಹುಳದಮನೆ. ಮೂರನೇ ಜ್ವರ.
ತಟ್ಟೆ ತುಂಬ ಹುಳ, ತಲೆ ಎತ್ತಿದ್ದು ಎತ್ತಿದಂತೆ,
ಒಂದೂ ಅಲುಗದು.
ನನಗಾಗ ಏಳು ವರ್ಷ. ಹಸಿದಿರಬೇಕೆಂದು ಸೊಪ್ಪು ಹಾಕಿದೆ.
ತಿನ್ನಲಿಲ್ಲವೆಂದು ಕಡ್ಡಿಯಲ್ಲಿ ತಿವಿದೆ.
ಚಿಕ್ಕಮ್ಮ ಹೊಡೆಯಲಿಲ್ಲ. ಸುಣ್ಣದ ಪುಡಿ ಮೆತ್ತಿದ ಅಂಗೈ ಮೇಲೆ
ಅರ್ಧ ಚರ್ಮ ಕಳಚಿ ಸಿಕ್ಕಿಕೊಂಡ ಒಂದನ್ನು
ಸುಮ್ಮನೆ ನನ್ನ ಕಣ್ಣ ಮುಂದೆ ಹಿಡಿದಳು.

ಬುದ್ಧಿ ಆಗಲೂ ಬರಲಿಲ್ಲ.
ಅಂಗಡಿ ತೆರೆದ ವರ್ಷ, ಹೈಸ್ಕೂಲಿನ ಕಂಪ್ಯೂಟರು
ಎಂಬತ್ತೆರಡಕ್ಕೆ ನಿಂತಿತು. ಐದು ನಿಮಿಷ. ಏಳು.
ಸತ್ತಿತೆಂದುಕೊಂಡು ಸ್ವಿಚ್ಚು ಆರಿಸಿದೆ.
ಆಗ ಸತ್ತಿತು.
ಬೋರ್ಡಿನ ದುಡ್ಡು ಮೂರು ಕಂತು.

ಅರವತ್ತು. ಸಾಬರು ತರಿಸಿದ ಚಹಾ ಬಂತು.
ಎಪ್ಪತ್ತೊಂಬತ್ತು.
ಎಪ್ಪತ್ತೊಂಬತ್ತು.
ಮೇಜು ಅಲುಗಿದರೆ ಏನಾದೀತೋ ಎಂದು ಅವರು
ಗ್ಲಾಸನ್ನು ಕೈಯಲ್ಲೇ ಹಿಡಿದಿದ್ದಾರೆ, ಸುಡುತ್ತಿದ್ದರೂ.
ಹಾಗೇನಿಲ್ಲ ಎಂದು ಹೇಳಬಹುದಿತ್ತು.
ಹೇಳಲಿಲ್ಲ; ನನ್ನವೂ ಎರಡು ಕೈ ತೊಡೆಯ ಕೆಳಗೆ.

ಪರದೆ ಕಪ್ಪು.
ಫ್ಯಾನು ನಿಂತಿತು. ತಿರುಗಿತು. ಮತ್ತೆ ನಿಂತಿತು.
ಹೊರಗೆ ಯಾರೋ ಚಂದ್ರಿಕೆ ಹೊತ್ತ ಗಾಡಿಗೆ ದಾರಿ ಬಿಡೆಂದು ಬೈಯುತ್ತಿದ್ದಾರೆ.
ಒಂದು ಬೀಪ್.

ಡಿಸ್ಕಿನ ಹೆಸರು ಬಂತು. ಅದರ ಮೇಲೆ ತಾರೀಕು:
ಜನವರಿ ಒಂದು, ಎರಡು ಸಾವಿರದ ಹನ್ನೆರಡು.
"ಇದೇನಮ್ಮ, ಹಿಂದಕ್ಕೆ ಹೋಗಿಬಿಡ್ತು!"
"ಈಗಷ್ಟೇ ಎದ್ದಿದೆ ಸಾಬ್. ದಿನ ನಾವೇ ಹೇಳಬೇಕು."
"ತಡಿ, ಈಗಲೇ ಹೇಳಬೇಡ.
ಆ ವರ್ಷದ ರೇಟಲ್ಲಿ ಒಂದು ಲಾಟು ಗೂಡು ಹಿಡಿದು ಬರ್ತೀನಿ."

ಫೋಟೋ ನೋಡಿಕೊಂಡು ಒಂದೊಂದೇ ಸೆಟ್ಟಿಂಗು ಕೂರಿಸಿದೆ.
ತಾರೀಕು ಕಡೆಗೆ, ಅವರ ಸಮಾಧಾನಕ್ಕೆ.
ಆರಿದ ಚಹಾ ಕುಡಿದೆವು.
ಎರಡಕ್ಕೆ ಐದು ನಿಮಿಷವಿರುವಾಗ ಪಿಳ್ಳಪ್ಪನ ಫೋನು:
"ಎದ್ದಿತಾ ಅಮ್ಮ? ತೆಗೀಲಾ?"