ಇಪ್ಪತ್ತೇಳನೆಯ ತಾರೀಖು

ನಮ್ಮ ಮನೆಗೆ ಕ್ರಿಸ್‌ಮಸ್ ಎರಡು ದಿನ ತಡವಾಗಿ ಬರುತ್ತಿತ್ತು.
ಗ್ರಿಮ್ಸ್‌ಬಿಯ ಎಲ್ಲ ಮನೆಗಳಲ್ಲೂ ಉಂಡು, ಕುಡಿದು,
ಸಣ್ಣದೊಂದು ಜಗಳವನ್ನೂ ಮುಗಿಸಿಕೊಂಡು
ಕಟ್ಟಕಡೆಗೆ ನಮ್ಮ ಬಾಗಿಲಿಗೆ.

ಅವ್ವನ ಡ್ಯೂಟಿ ಹಾಗಿತ್ತು.
ಮಕ್ಕಳಿರುವ ನರ್ಸುಗಳಿಗೆ ಇಪ್ಪತ್ತೈದು ರಜೆ
ಎಂದು ವಾರ್ಡಿನ ಗೋಡೆಗೆ ಅಂಟಿಸಿದ್ದರಂತೆ;
ನಾವಿಬ್ಬರೂ ಮಕ್ಕಳೆಂಬುದನ್ನು ಮೇಟ್ರನ್
ವರ್ಷವರ್ಷವೂ ಮರೆಯುತ್ತಿದ್ದಳು.
'ನಿಮ್ಮಲ್ಲೂ ಈ ಹಬ್ಬ ಉಂಟೇ?' ಎಂದಳಂತೆ ಒಮ್ಮೆ,
ಮೂರು ತಲೆಮಾರು ಬೆಟಗೇರಿಯ ಚರ್ಚಿನ
ಗಂಟೆ ಹೊಡೆದ ಮನೆಯ ಜೀವರತ್ನಳನ್ನು.

ಅವ್ವ ಬೂಟು ಬಿಚ್ಚುತ್ತ ನಮಗೆ ಹೇಳಿದ್ದು:
'ಯೇಸಪ್ಪ ಹುಟ್ಟಿದ ತಾರೀಖ ಯಾರು ಬರಕೊಂಡಾರ?
ನಮ್ಮ ವಾರ್ಡಿನ ಚಾರ್ಟಿನ್ಯಾಗಂತೂ ಇಲ್ಲ.'

ಇಪ್ಪತ್ತೈದರಂದು ಅಪ್ಪ ಮೀನು ಹುರಿಯುತ್ತಿದ್ದ.
ಡಾಕಿನ ಐಸ್ ಕಾರ್ಖಾನೆಗೆ ಅದೊಂದೇ ರಜೆ,
ಆದರೂ ಅಂಗಿಯ ತೋಳಿನಲ್ಲಿ ತಣ್ಣಗಿನ ಉಪ್ಪುವಾಸನೆ.
ನಾನೂ ತಮ್ಮ ನತಾನಯೇಲನೂ
ಕಿಟಕಿಯ ಮಂಜನ್ನು ಮೊಣಕೈಯಿಂದ ಒರೆಸಿ
ಎದುರುಮನೆಯ ಹುಡುಗನ ಹೊಸ ಸೈಕಲ್ಲು
ಬೀಳುವುದನ್ನೇ ಕಾಯುತ್ತಿದ್ದೆವು. ಬೀಳಲಿಲ್ಲ.

ಇಪ್ಪತ್ತೇಳಕ್ಕೆ ಎಲ್ಲವೂ ಅರ್ಧ ಬೆಲೆ.
ಮೂಲೆ ಜಜ್ಜಿದ ಪುಡಿಂಗು, ಪಟಾಕಿಯಂಥ ಕ್ರ್ಯಾಕರು,
ಒಂದು ರೆಕ್ಕೆಯ ದೇವದೂತ.
ಸ್ಟವ್ ಮೇಲೆ ಕರ್ಜಿಕಾಯಿ,
ಊರಿನ ಗಸಗಸೆ ಅಂಚೆಯಲ್ಲೇ ಅರ್ಧ ಚೆಲ್ಲಿಹೋದದ್ದು.
ರೋಗಿಗಳು ಕೊಟ್ಟ ಚಾಕಲೇಟಿನ ಡಬ್ಬಿಯಲ್ಲಿ
ಯಾರಿಗೂ ಬೇಡವಾದ ಕಾಫಿ ರುಚಿಯವು ಮಾತ್ರ.
ಇಂದಿಗೂ ನನ್ನ ನಾಲಗೆಗೆ ಕ್ರಿಸ್‌ಮಸ್ ಎಂದರೆ ಅದೇ ಕಹಿ.

ಸಂಜೆ ಆರಕ್ಕೆ ಡೊರೀನ್ ಬ್ಲಾಂಚರ್ಡ್ ಬರುತ್ತಿದ್ದಳು,
ತನ್ನ ಮನೆಯವರು ತೊಟ್ಟು ಬಿಸಾಡಿದ ಕಾಗದದ ಕಿರೀಟಗಳನ್ನು
ಹೆಕ್ಕಿ, ಇಸ್ತ್ರಿ ಮಾಡಿ, ಮಡಿಕೆ ಕೂಡಿಸಿ.
ಹಸಿರಿನದಕ್ಕೆ ಸಾರಿನ ಕಲೆ.
ಅದು ನನ್ನದು ನನ್ನದು ಎಂದು ಕಚ್ಚಾಡುತ್ತಿದ್ದೆವು.

ಅವ್ವ ನಿವೃತ್ತಳಾದ ವರ್ಷ
ಮೊದಲ ಸಲ ಹಬ್ಬ ಸರಿಯಾದ ದಿನಕ್ಕೆ ಬಂತು.
ಐದಕ್ಕೇ ಎದ್ದು ಹೆರಳು ಕಟ್ಟಿಕೊಂಡು ಕುಳಿತಳು.
ಟರ್ಕಿ ಹೊತ್ತಿಗೆ ಸರಿಯಾಗಿ ಬೆಂದಿತ್ತು.
ಮಧ್ಯಾಹ್ನ ಕೋಟು ತೊಟ್ಟು, ಬಸ್ಸಿಲ್ಲದ ದಿನ,
ಎರಡು ಮೈಲಿ ನಡೆದು ವಾರ್ಡಿಗೆ ಹೋಗಿ ಬಂದಳು.
ಯಾಕೆಂದು ನಾವು ಕೇಳಲಿಲ್ಲ.
'ಹತ್ತನೇ ಹಾಸಿಗೆ ಖಾಲಿ ಅದ' ಎಂದಳು, ಅಷ್ಟೆ.

ಈಗ ಅಪ್ಪ ಇಲ್ಲ, ಅವ್ವ ಇಲ್ಲ. ಐಸ್ ಕಾರ್ಖಾನೆಯ
ಒಡೆದ ಗಾಜುಗಳಲ್ಲಿ ಪಾರಿವಾಳಗಳ ಸಂಸಾರ.
ಲೀಡ್ಸಿನಲ್ಲಿ ತಮ್ಮನ ಮರ ನವೆಂಬರಿನಲ್ಲೇ ಏಳುತ್ತದೆ,
ಫೋನು ಒತ್ತಿದರೆ ನೀಲಿ, ಇನ್ನೊಮ್ಮೆ ಒತ್ತಿದರೆ ಬಂಗಾರ.
ಸೈಕಲ್ಲು ಒಂದು ವರ್ಷ ನಮಗೂ ಬಂದಿತ್ತು ಎನ್ನುತ್ತಾನೆ.
ಇಲ್ಲ ಕಣೋ. ಬಂದಿತ್ತು ಕಣೇ, ಕೆಂಪು.
ಸಾಕ್ಷಿ ಹೇಳಲು ಯಾರೂ ಉಳಿದಿಲ್ಲ,
ಹಾಗಾಗಿ ಅವನು ಅದನ್ನು ಓಡಿಸುತ್ತಲೇ ಇದ್ದಾನೆ.

ನನ್ನ ಮಗಳು ಐಮೊಜೆನ್ ಇಪ್ಪತ್ತೈದಕ್ಕೆ ಅವಳಪ್ಪನ ಮನೆಯಲ್ಲಿ;
ವಕೀಲರ ಕಾಗದದಲ್ಲಿ ಹಾಗೆಂದು ಬರೆದಿದೆ.
ಇಪ್ಪತ್ತೇಳರ ಬೆಳಿಗ್ಗೆ ಅವಳಿಗಾಗಿ ಅಂಗಡಿಗೆ ಹೋದರೆ
ಕಪಾಟಿನಲ್ಲಿ ಆಗಲೇ ಈಸ್ಟರಿನ ಮೊಟ್ಟೆಗಳು,
ಶಿಲುಬೆ ಗೀಚಿದ ಬನ್ನುಗಳು.
ಕೂಸಿಗಿನ್ನೂ ಎರಡು ದಿನ.
'ಬಾಣಂತಿ ಎದ್ದು ನೀರು ಹಾಕ್ಕೊಂಡಿಲ್ಲಲ್ಲೋ'
ಎಂದುಬಿಟ್ಟೆ, ಗಟ್ಟಿಯಾಗಿ, ಕನ್ನಡದಲ್ಲಿ.
ಬಿಲ್ಲಿನ ಹುಡುಗ ಚೀಲ ಬೇಕೇ ಎಂದ.

ಅರ್ಧ ಬೆಲೆಯ ಕ್ರ್ಯಾಕರು ತಂದೆ.
ಒಂದನ್ನು ಒಬ್ಬಳೇ ಎರಡು ಕೈಯಲ್ಲಿ ಎಳೆದು
ಹಸಿರು ಕಿರೀಟವನ್ನು ಇಸ್ತ್ರಿಗಿಟ್ಟೆ. ಅಂಟಿಕೊಂಡಿತು, ಸುಟ್ಟಿತು.
ಎಷ್ಟು ಕಾವಿನಲ್ಲಿ ಮಾಡುತ್ತಿದ್ದಳೋ ಡೊರೀನ್,
ಒಂದು ದಿನವೂ ಕೇಳಿದವಳಲ್ಲ.
ಬಾಗಿಲಲ್ಲಿ ಶೂ ಬಿಚ್ಚುತ್ತ ಮಗಳು
ಏನೋ ವಾಸನೆ, ಎನ್ನುತ್ತಿದ್ದಾಳೆ.