ನಕ್ಷತ್ರ ಹಾಕಿದ ಸಾಲು

ಪರದೆಯ ಮೇಲೆ ಎಂದೂ
ಜ್ವರ ಬಂದದ್ದಿಲ್ಲ ಇದಕ್ಕೆ.
ಭೋಸರಿಯ ಶೆಡ್ಡಿನಲ್ಲಿ, ನನ್ನ ಮೇಜಿನ ಮೇಲೆ,
ಮೂರನೆಯ ಮಾಸ್‌ಫೆಟ್ಟೂ ಟಪ್ಪೆಂದು ಹೊಗೆಯಾಯಿತು.

ಕಂಪನಿ ಕೊಟ್ಟ ಮಾಡೆಲ್ಲು
ಗಂಡಿನ ಕಡೆಯವರ ಮಾತು:
ಸೋರಿಕೆ ಸೊನ್ನೆ, ಬಿಸಿ ಸೊನ್ನೆ, ಚಟ ಸೊನ್ನೆ.

ಬುಧವಾರ ಪೇಟೆಯ ಗಲ್ಲಿಯಲ್ಲಿ ಪಾನ್ಸೆ ಕಾಕಾ
ರೆಸಿಸ್ಟರು ಎಣಿಸುತ್ತಲೇ ಡ್ರಾಯರು ತಡಕಿ
ಸವೆದ ಪೆನ್‌ಡ್ರೈವೊಂದನ್ನು ತಳ್ಳಿದರು:
‘ಬಘಾ, ಯಾರೋ ಕೂತು ಅಳೆದದ್ದು.’

ತೆರೆದೆ.
ಒರಟು ಅಂಕಿಗಳು, ಒಂದೂ ದುಂಡಗಿಲ್ಲ.
ಕೊನೆಗೊಂದು ನಕ್ಷತ್ರ, ಅದರ ಮುಂದೆ:
ಎಂಬತ್ತು ಡಿಗ್ರಿಯಾಚೆ ಅಳೆದಿಲ್ಲ,
ನನಗೆ ಗೊತ್ತಿಲ್ಲ.

ಹೆಸರಿಲ್ಲ, ತಾರೀಖಿಲ್ಲ.
ಉಳಿದ ಅಂಕಿಗಳನ್ನೆಲ್ಲ
ಆ ಸಾಲಿನ ಜಾಮೀನಿನ ಮೇಲೆ ನಂಬಿದೆ.
ಎಪ್ಪತ್ತೈದಕ್ಕೇ ಫ್ಯಾನು ತಿರುಗುವಂತೆ
ತಂತಿ ಬೆಸೆದೆ.